ಕೊಬ್ಬರಿ ಅಟ್ಟದ ಪಾಠ: ಲ್ಯಾಪ್‌ಟಾಪ್‌ನ ಅಡಿಯಲ್ಲೂ ಗಾಳಿಯಾಡಲಿ

ಗಂಡಸಿ (ಅರಸೀಕೆರೆ ತಾಲ್ಲೂಕು): ಇಲ್ಲಿಯ ತೆಂಗು ಬೆಳೆಗಾರರಿಗೆ ಅಟ್ಟವೆಂದರೇನೆಂದು ಹೇಳಬೇಕಾಗಿಲ್ಲ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಸುಮಾರು ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ ಉಂಡೆ ಕೊಬ್ಬರಿ ಸಿದ್ಧವಾಗುತ್ತದೆ. ಅಟ್ಟದ ನೆಲವನ್ನು ಒತ್ತಾಗಿ ಮುಚ್ಚುವುದಿಲ್ಲ. ದಬ್ಬೆಗಳ ನಡುವೆ ಸಂದು ಬಿಟ್ಟೇ ಜೋಡಿಸುತ್ತಾರೆ. ಕೆಳಗಿನಿಂದ ಬಂದ ಗಾಳಿ ಕಾಯಿಗಳ ನಡುವೆ ಹಾದು ಮೇಲಕ್ಕೆ ಹೋಗಬೇಕು. ಆ ದಾರಿ ಮುಚ್ಚಿದರೆ ವರ್ಷದ ದುಡಿಮೆ ಕೊಳೆತು ಹೋಗುತ್ತದೆ.

ಇಂದು ಅಂತಹ ಮನೆಗಳಲ್ಲೂ ಮಕ್ಕಳ ಓದಿಗಾಗಿ ಲ್ಯಾಪ್‌ಟಾಪ್ ಬಂದಿದೆ. ಆದರೆ ಅದನ್ನು ಹಾಸಿಗೆಯ ಮೇಲೆ, ದಿಂಬಿನ ಮೇಲೆ, ತೊಡೆಯ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ಬಳಸುವುದು ಹಳ್ಳಿ ಪಟ್ಟಣಗಳೆಂಬ ಭೇದವಿಲ್ಲದೆ ಎಲ್ಲೆಡೆ ಕಾಣುವ ದೃಶ್ಯ. ಯಂತ್ರ ಕೈಸುಡುವಷ್ಟು ಕಾದಾಗ ಅದರಲ್ಲೇ ದೋಷವಿದೆ ಎಂದುಕೊಳ್ಳುವವರೇ ಹೆಚ್ಚು. ಎಷ್ಟೋ ಸಲ ದೋಷವಿರುವುದು ಯಂತ್ರದಲ್ಲಲ್ಲ, ಅದರ ಅಡಿಯಲ್ಲಿ.

ಶಾಖ ಎಲ್ಲಿಂದ ಬರುತ್ತದೆ?

ಲ್ಯಾಪ್‌ಟಾಪ್ ಬಳಸುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಸಾಮಾನ್ಯವಾದ ತೆಳು ಲ್ಯಾಪ್‌ಟಾಪ್‌ನ ಪ್ರೊಸೆಸರ್ ಸುಮಾರು 15 ವ್ಯಾಟ್, ಆಟ ಮತ್ತು ವಿಡಿಯೋ ಕೆಲಸಕ್ಕೆಂದು ಮಾಡಿದ ಯಂತ್ರದ ಪ್ರೊಸೆಸರ್ 45 ವ್ಯಾಟ್ ಹಾಗೂ ಅದಕ್ಕೂ ಹೆಚ್ಚು ಬಳಸುತ್ತದೆ. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟ್‌ನ ಬಲ್ಬನ್ನು ಮುಟ್ಟಿ ನೋಡಿದವರಿಗೆ ಇದರ ಅಂದಾಜು ಸಿಕ್ಕೀತು.

ಈ ಶಾಖವನ್ನು ಹೊರಹಾಕಲು ಪ್ರೊಸೆಸರ್‌ನ ಮೇಲೆ ತಾಮ್ರದ ಚಪ್ಪಟೆ ಕೊಳವೆಯೊಂದಿರುತ್ತದೆ. ಅದರೊಳಗಿನ ಅತ್ಯಲ್ಪ ದ್ರವವು ಬಿಸಿಯಾದ ತುದಿಯಲ್ಲಿ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗುತ್ತಾ ಶಾಖವನ್ನು ಸಾಗಿಸುತ್ತದೆ. ತಣ್ಣನೆಯ ತುದಿಯಲ್ಲಿ ತೆಳುವಾದ ಲೋಹದ ರೆಕ್ಕೆಗಳಿದ್ದು, ಪುಟ್ಟ ಫ್ಯಾನ್ ಅವುಗಳ ನಡುವೆ ಗಾಳಿಯನ್ನು ನೂಕುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಗಾಳಿ ಒಳಬರುವುದು ತಳದ ಸೀಳುಗಳಿಂದ. ಹೊರಹೋಗುವುದು ಪಕ್ಕದಿಂದ ಇಲ್ಲವೇ ಹಿಂಬದಿಯಿಂದ.

ತಳದ ರಬ್ಬರ್ ಕಾಲುಗಳ ಎತ್ತರ ಕೆಲವೇ ಮಿಲಿಮೀಟರ್. ಗಟ್ಟಿ ಮೇಜಿನ ಮೇಲೆ ಅಷ್ಟು ಸಾಕು. ಮೆತ್ತನೆಯ ಹಾಸಿಗೆಯಲ್ಲಿ ಆ ಕಾಲುಗಳು ಹೂತುಹೋಗಿ ಬಟ್ಟೆ ಸೀಳುಗಳನ್ನು ಮುಚ್ಚುತ್ತದೆ. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಎಳೆದುಕೊಳ್ಳಲು ಗಾಳಿಯೇ ಇರುವುದಿಲ್ಲ. ಪ್ರೊಸೆಸರ್‌ನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಬಂದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಯಂತ್ರ ‘ನಿಧಾನವಾಯಿತು’ ಎಂಬ ದೂರಿಗೆ ಇದೂ ಒಂದು ಕಾರಣ.

ಚರ್ಮಕ್ಕೂ ಕುತ್ತು

ಇದು ಯಂತ್ರದ ಪ್ರಶ್ನೆ ಮಾತ್ರವಲ್ಲ. 2010ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡ್‌ನ ವೈದ್ಯರು 12 ವರ್ಷದ ಬಾಲಕನೊಬ್ಬನ ಪ್ರಕರಣವನ್ನು ವರದಿ ಮಾಡಿದರು. ತಿಂಗಳುಗಟ್ಟಲೆ ದಿನಕ್ಕೆ ಕೆಲವು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಆಟವಾಡುತ್ತಿದ್ದ ಅವನ ಎಡತೊಡೆಯಲ್ಲಿ ಬಲೆಯಂತಹ ಕಂದು ಕಲೆ ಮೂಡಿತ್ತು. ಒಲೆಯ ಮುಂದೆ, ಅಗ್ಗಿಷ್ಟಿಕೆಯ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವರಲ್ಲಿ ಕಾಣುತ್ತಿದ್ದ ಕಲೆಯೇ ಇದು. ಸುಡುವಷ್ಟು ಬಿಸಿ ಬೇಕಾಗಿಲ್ಲ, ಹಿತವೆನಿಸುವ ಬೆಚ್ಚಗೂ ಬಹುಕಾಲ ಒಂದೇ ಕಡೆ ತಾಗಿದರೆ ಸಾಕು. 2005ರಲ್ಲಿ ಪ್ರಕಟವಾದ, ನ್ಯೂಯಾರ್ಕ್ ರಾಜ್ಯದ ಸಂಶೋಧಕರು 29 ಯುವಕರ ಮೇಲೆ ನಡೆಸಿದ ಅಧ್ಯಯನದಲ್ಲಿ, ಒಂದು ಗಂಟೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಾಗ ವೃಷಣಕೋಶದ ಉಷ್ಣತೆ ಎರಡೂವರೆ ಡಿಗ್ರಿಗಿಂತ ಹೆಚ್ಚು ಏರಿದ್ದು ಕಂಡುಬಂದಿತ್ತು.

ಬ್ಯಾಟರಿಗೂ ಶಾಖವೇ ಶತ್ರು. ಲಿಥಿಯಂ ಅಯಾನ್ ಬ್ಯಾಟರಿ ಬಿಸಿಯಲ್ಲಿದ್ದಷ್ಟೂ ಬೇಗ ಮುಪ್ಪಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ತಳ ಮೇಜಿನ ಮೇಲೆ ಸಮವಾಗಿ ಕೂರದಿದ್ದರೆ ತಕ್ಷಣ ಬಳಕೆ ನಿಲ್ಲಿಸಿ ಚಾರ್ಜರ್ ತೆಗೆಯಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಅಪಾಯಕಾರಿ. ಅದನ್ನು ತೆಗೆಯುವ ಕೆಲಸ ತಂತ್ರಜ್ಞರದು.

ಫ್ಯಾನಿನ ಗಾಳಿ ಏನು ಮಾಡಬಲ್ಲದು?

ಇಲ್ಲೊಂದು ತಪ್ಪು ಕಲ್ಪನೆಯಿದೆ. ಸೀಲಿಂಗ್ ಫ್ಯಾನ್ ನಮಗೆ ತಂಪೆನಿಸುವುದು ಮೈಬೆವರು ಆರುವುದರಿಂದ. ಲ್ಯಾಪ್‌ಟಾಪ್ ಬೆವರುವುದಿಲ್ಲ. ಆದ್ದರಿಂದ ಯಾವ ಫ್ಯಾನೂ ಅದನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಬಿಸಿಗಾಳಿಯನ್ನು ಸರಿಸಿ ಕೋಣೆಯ ಗಾಳಿಗೆ ಜಾಗ ಮಾಡಿಕೊಡಬಲ್ಲದು, ಅಷ್ಟೆ. ಹಲವು ಲ್ಯಾಪ್‌ಟಾಪ್‌ಗಳಿಗೆ ತಯಾರಕರು ಸೂಚಿಸುವ ಕೋಣೆಯ ಉಷ್ಣತೆಯ ಮೇಲ್ಮಿತಿ 35 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಯಲುಸೀಮೆಯ ಶೀಟು ಹೊದಿಸಿದ ಮನೆಯಲ್ಲಿ ಈ ಮಿತಿ ದಾಟುವುದು ಕಷ್ಟವೇನಲ್ಲ. ಭಾರದ ಕೆಲಸವನ್ನು ಬೆಳಗಿನ ಹೊತ್ತಿಗೆ ಅಥವಾ ರಾತ್ರಿಗೆ ಇಟ್ಟುಕೊಳ್ಳುವುದೂ ಒಂದು ಉಪಾಯ.

ಹಣ ಕೊಟ್ಟು ತರುವ ಫ್ಯಾನ್‌ಸಹಿತ ಕೂಲಿಂಗ್ ಪ್ಯಾಡ್‌ನಿಂದಲೂ ಪ್ರಯೋಜನವುಂಟು, ಆದರೆ ಅದರ ಫ್ಯಾನ್‌ಗಳು ಯಂತ್ರದ ಸೀಳುಗಳಿಗೆ ನೇರವಾಗಿ ಬರುವಂತಿದ್ದರೆ ಮಾತ್ರ ಪೂರ್ಣ ಫಲ. ಅನೇಕರಿಗೆ ಅದರ ಅಗತ್ಯವೇ ಬೀಳದು. ಹಿಂಬದಿಯ ಅಂಚಿನ ಎರಡು ಮೂಲೆಗಳ ಕೆಳಗೆ ಎರಡು ಮರದ ತುಂಡುಗಳನ್ನಿಟ್ಟು ಎರಡು ಮೂರು ಸೆಂಟಿಮೀಟರ್ ಎತ್ತರಿಸಿದರೂ ಗಾಳಿಗೆ ದಾರಿಯಾಗುತ್ತದೆ. ತುಂಡುಗಳು ಸೀಳುಗಳನ್ನು ಮುಚ್ಚದಂತೆ, ಜಾರದಂತೆ ನೋಡಿಕೊಳ್ಳಬೇಕು.

ನೆನಪಿಡಬೇಕಾದ ಅಂಶಗಳು

* ಹಾಸಿಗೆಯಲ್ಲೇ ಕೂರಬೇಕಿದ್ದರೆ ಅಗಲವಾದ ಹಲಗೆ ಅಥವಾ ಊಟದ ಕಿರುಮೇಜಿನ ಮೇಲೆ ಯಂತ್ರವಿಡಿ. ಬಿಸಿಗಾಳಿ ಹೊರಬರುವ ಬದಿಯನ್ನು ಗೋಡೆಗೆ ಒತ್ತಿಡಬೇಡಿ.

* ಅಂಗೈಗೆ ಬಿಸಿ ತಾಗುತ್ತಿದ್ದರೆ ಬೇರೆ ಕೀಬೋರ್ಡ್ ಹಾಗೂ ಮೌಸ್ ಬಳಸಿ. ಕೆಲವು ಮಾದರಿಗಳು ಕೀಬೋರ್ಡ್‌ನ ಮೂಲಕವೂ ಗಾಳಿ ಎಳೆಯುತ್ತವೆ. ಅವಕ್ಕೆ ಮೇಲೆ ಹಾಳೆ ಹೊದಿಸಬಾರದು.

* ರಸ್ತೆಯ ದೂಳು, ತೆಂಗಿನ ನಾರಿನ ಪುಡಿ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಯಂತ್ರವನ್ನು ಪೂರ್ಣ ಬಂದ್ ಮಾಡಿ ಚಿಕ್ಕ ಬ್ಲೋವರ್‌ನಿಂದ ಬಿಟ್ಟುಬಿಟ್ಟು ಊದಿ ತೆಗೆಯಬಹುದು. ಊದುವಾಗ ಫ್ಯಾನ್ ಗಿರ್ರನೆ ತಿರುಗಿದರೆ ಅದರ ಬೇರಿಂಗ್ ಹಾಳಾದೀತು. ಒಳಗೆ ಗಟ್ಟಿಯಾಗಿ ಕೂತ ದೂಳನ್ನು ತೆಗೆಯಲು ತಂತ್ರಜ್ಞರಿಗೇ ಕೊಡುವುದು ಲೇಸು.

* ಚಾಲನೆಯಲ್ಲಿರುವ ಯಂತ್ರವನ್ನು ಚೀಲಕ್ಕೆ ಹಾಕಬೇಡಿ. ತಣ್ಣಗಾಗಲೆಂದು ಒದ್ದೆ ಬಟ್ಟೆ ಹಾಸುವುದು, ಫ್ರಿಜ್ಜಿನಲ್ಲಿಡುವುದು ಸಲ್ಲದು. ಒಳಗೆ ತೇವ ಕಟ್ಟಿ ಯಂತ್ರವೇ ಕೆಟ್ಟೀತು.

* ಬೇಡದ ಪುಟಗಳನ್ನು ಮುಚ್ಚಿ, ಬ್ಯಾಟರಿ ಉಳಿತಾಯದ ಆಯ್ಕೆ ಬಳಸಿ. ಶಾಖ ಹುಟ್ಟದಿದ್ದರೆ ಹೊರಹಾಕುವ ಚಿಂತೆಯೂ ಇಲ್ಲ.

2020ರಿಂದೀಚೆಗೆ ಫ್ಯಾನ್ ಇಲ್ಲದ ಲ್ಯಾಪ್‌ಟಾಪ್‌ಗಳೂ ಹೆಚ್ಚು ಬಳಕೆಗೆ ಬಂದಿವೆ. ಅವುಗಳಲ್ಲಿ ಲೋಹದ ಮೈಯೇ ಶಾಖವನ್ನು ಹೊರಬಿಡಬೇಕಾದ್ದರಿಂದ ದಿಂಬು, ಹೊದಿಕೆಗಳು ಅವಕ್ಕೂ ಹಿತವಲ್ಲ.

ಮನೆಗೊಂದೇ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ಪರೀಕ್ಷೆಯ ಮುನ್ನಾದಿನ ಅದು ಕೈಕೊಟ್ಟರೆ ಆಗುವ ನಷ್ಟ ಸಣ್ಣದಲ್ಲ. ಅದನ್ನು ತಪ್ಪಿಸಲು ಬೇಕಾದ ತಿಳಿವಳಿಕೆ ತೆಂಗಿನ ಸೀಮೆಯ ಅಟ್ಟದಲ್ಲೇ ಇದೆ: ಕೆಳಗೆ ಸಂದು ಬಿಡಿ, ಗಾಳಿ ತನ್ನ ಕೆಲಸ ಮಾಡುತ್ತದೆ.