ಚಾಕು ಹಿಡಿದ ಹಿಮ್ಮೇಳ

ಶಿಗ್ಲಿ ಸೀಮೆಯ ಭಜನಿಯಲ್ಲಿ ಒಬ್ಬ ಸೊಲ್ಲು ಎತ್ತಿದರೆ ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಹಿಂದೆ ಯಾರೂ ಇಲ್ಲದಿದ್ದರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಲು ದೂರದಲ್ಲಿ.

1903ರ ಸುಮಾರು. ಅಮೆರಿಕದ ಮಿಸಿಸಿಪ್ಪಿಯ ಟಟ್‌ವೈಲರ್ ಎಂಬ ಪುಟ್ಟ ರೈಲು ನಿಲ್ದಾಣ. ಗಾಡಿ ಒಂಬತ್ತು ತಾಸು ತಡ. ಬ್ಯಾಂಡ್ ಮೇಷ್ಟ್ರು ಡಬ್ಲ್ಯೂ. ಸಿ. ಹ್ಯಾಂಡಿ ಕೂತಲ್ಲೇ ತೂಕಡಿಸಿದ್ದರು. ಎಚ್ಚರಾದರೆ ಪಕ್ಕದಲ್ಲೊಬ್ಬ ಬಡಕಲು ಕರಿಯ, ಹರಕು ಬಟ್ಟೆ, ಬೂಟಿನಿಂದ ಇಣುಕುವ ಕಾಲ್ಬೆರಳು. ಗಿಟಾರಿನ ತಂತಿಗೆ ಚಾಕು ಒತ್ತಿ ಜಾರಿಸುತ್ತಿದ್ದ. ಒಂದೇ ಸಾಲನ್ನು ಮೂರು ಸಲ ಹಾಡಿದ. ಸ್ವರಲಿಪಿ ಬಲ್ಲ ಹ್ಯಾಂಡಿಗೆ ಅಂಥ ವಿಚಿತ್ರ ಸಂಗೀತ ಅದೇ ಮೊದಲು. ಮುಂದೆ ಬ್ಲೂಸ್ ಎಂಬ ಈ ಬಗೆಯ ಸಂಗೀತವನ್ನು ಅಚ್ಚಿಗೆ ತಂದು ಹೆಸರಾದವರು ಅವರು. ಚಾಕುವಿನವನ ಹೆಸರು ಯಾರಿಗೂ ಸಿಗಲಿಲ್ಲ.

ಅವನೇನೂ ಮೊದಲಿಗನಲ್ಲ. ಹವಾಯಿಯ ಜೋಸೆಫ್ ಕೆಕುಕು ಆಗಲೇ ತಂತಿಯ ಮೇಲೆ ಉಕ್ಕು ಜಾರಿಸಿದ್ದ. ಮಿಸಿಸಿಪ್ಪಿಯ ಬಡ ಮಕ್ಕಳಂತೂ ಕಸಬರಿಗೆಗೆ ಸುತ್ತಿದ ತಂತಿ ಬಿಚ್ಚಿ, ಮನೆಗೋಡೆಗೆ ಮೊಳೆ ಹೊಡೆದು ಬಿಗಿದು, ಬಾಟಲಿ ಜಾರಿಸುತ್ತಿದ್ದರು. ಗೋಡೆಯೇ ಬುರುಡೆ! ನಮ್ಮ ಏಕತಾರಿಯ ದಾಯಾದಿ ಅಂತಲೇ ಅನ್ನಿ.

ಬೆರಳು ಒತ್ತಿದರೆ ಗಿಟಾರಿನ ಮೆಟ್ಟಿಲು (ಫ್ರೆಟ್) ಹೇಳಿದಷ್ಟೇ ಸ್ವರ. ಚಾಕು ಮೆಟ್ಟಿಲಿಗೆ ತಾಗದೆ ತೇಲುತ್ತದೆ, ನಡುವಿನ ಸ್ವರಗಳೆಲ್ಲ ಮೀಂಡಿನಂತೆ ಹರಿದು ಬರುತ್ತವೆ. ತಂತಿಗೆ ಗಂಟಲು ಬಂತು. ಬ್ಲೂಸ್ ಹಾಡುಗಾರ ಸಾಲು ಹಾಡಿ ನಿಲ್ಲಿಸಿದರೆ ಉಳಿದ ಮಾತನ್ನು ಗಿಟಾರ್ ಆಡುತ್ತದೆ. ಒಂಟಿ ಮನುಷ್ಯ ಹಿಮ್ಮೇಳವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗಬಹುದಾಯಿತು.

ನಮ್ಮ ಕಡೆ ಶಿಶುನಾಳದ ಶರೀಫರ (1819–1889) ತತ್ವಪದಕ್ಕೆ ಏಕತಾರಿ ಶ್ರುತಿ ಹಿಡಿಯುತ್ತದೆ, ದಮ್ಮಡಿ ನಡೆ ಕೊಡುತ್ತದೆ. ಉತ್ತರ ಕೊಡುವುದು ಜನರ ಬಾಯಿ. 2008ರ ಆಲ್ಬಮ್ಮಿನಲ್ಲಿ ರಘು ದೀಕ್ಷಿತ್ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ಗಿಟಾರಿನೊಡನೆ ಹಾಡಿದರು. ಪದ ಹೊಸ ಹುಡುಗರ ಬಾಯಿಗೆ ಬಂತು, ಅದು ಸಣ್ಣ ಮಾತಲ್ಲ. ಆದರೆ ನನ್ನ ಕಿವಿಗೆ ಅಲ್ಲಿ ಗಿಟಾರ್ ಹೆಚ್ಚಾಗಿ ದಮ್ಮಡಿಯ ಕೆಲಸ ಮಾಡುತ್ತದೆ, ಮರುಮಾತು ಆಡುವುದಿಲ್ಲ.

ಶಿಗ್ಲಿ, ಲಕ್ಷ್ಮೇಶ್ವರದ ಕಡೆ ಗಿಟಾರ್ ಹಿಡಿದ ಹುಡುಗರೇ, ಒಂದು ಸಣ್ಣ ಗಾಜಿನ ಬಾಟಲಿ ತಗೊಂಡು ಭಜನಿಗೆ ಬರ್ರಿ. ಒತ್ತಬ್ಯಾಡ್ರಿ, ತಂತಿಗೆ ಸುಮ್ನ ತಾಗಿಸಿ ಜಾರಸ್ರಿ. ಅಜ್ಜಾರು ಸೊಲ್ಲು ಬಿಟ್ಟ ಕೂಡಲೇ ನೀವು ಹಿಡೀರಿ.