ಬಾಗುವ ಉಕ್ಕು, ಬಿಗಿಯಾದ ಕೀಲು

ಕಾರು ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ರೋಬೋ ತೋಳಿಗೆ ಸಾಮಾನ್ಯವಾಗಿ ಆರು ಕೀಲುಗಳಿರುತ್ತವೆ. ಬುಡದಲ್ಲಿ ಸೊಂಟ, ಅದರ ಮೇಲೆ ಭುಜ, ಮುಂದೆ ಮೊಣಕೈ, ತುದಿಯ ಮಣಿಕಟ್ಟಿನಲ್ಲಿ ಇನ್ನು ಮೂರು. ಮೊದಲ ಮೂರು ಕೀಲುಗಳು ಬೆಸುಗೆಯ ಉಪಕರಣವನ್ನು ಬೇಕಾದ ಜಾಗಕ್ಕೆ ಒಯ್ಯುತ್ತವೆ. ಕೊನೆಯ ಮೂರು ಅದನ್ನು ಬೇಕಾದ ದಿಕ್ಕಿಗೆ ತಿರುಗಿಸುತ್ತವೆ.

ಪ್ರತಿ ಕೀಲಿಗೂ ಒಂದು ಸರ್ವೋ ಮೋಟಾರು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗಲೇ ಅದು ಚೆನ್ನಾಗಿ ದುಡಿಯುವುದು. ಆದರೆ ತಿರುಚುವ ಬಲ ಕಡಿಮೆ. ಕೀಲಿಗೆ ಬೇಕಾದದ್ದು ಇದಕ್ಕೆ ಪೂರಾ ವಿರುದ್ಧ: ನಿಧಾನದ ಚಲನೆ, ಭಾರಿ ಬಲ. ವೇಗವನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಇದಕ್ಕೆ ಮಾಮೂಲಿ ಗೇರು ಸಾಲದು. ಗೇರಿನ ಹಲ್ಲುಗಳು ಸಿಕ್ಕಿಕೊಳ್ಳದೆ ತಿರುಗಬೇಕಾದರೆ ನಡುವೆ ಕೂದಲೆಳೆಯಷ್ಟು ಸಂದು ಬಿಡಲೇಬೇಕು. ದಿಕ್ಕು ಬದಲಾದಾಗಲೆಲ್ಲ ಆ ಸಂದಿನಷ್ಟು ಕೀಲು ಸಡಿಲವಾಗಿ ಆಡುತ್ತದೆ. ಎರಡು ಮೀಟರ್ ಉದ್ದದ ತೋಳಿನ ಭುಜದಲ್ಲಿ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ಸಡಿಲವಿದ್ದರೂ ತುದಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಸರಿದುಬಿಡುತ್ತದೆ. ಅಷ್ಟು ಸರಿದರೆ ನಾಜೂಕಿನ ಕೆಲಸ ಕೆಟ್ಟಂತೆಯೇ.

ಇದಕ್ಕೆ ಸೊಗಸಾದ ಪರಿಹಾರ ಕಂಡುಕೊಂಡವರು ಅಮೆರಿಕದ ಇಂಜಿನಿಯರ್ ವಾಲ್ಟನ್ ಮಸ್ಸರ್. 1959ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಹಾರ್ಮೋನಿಕ್ ಡ್ರೈವ್ ಎಂದು ಹೆಸರಾದ ಇದರಲ್ಲಿರುವುದು ಮೂರೇ ಭಾಗ. ಹೊರಗೆ, ಒಳಮೈಯಲ್ಲಿ ಹಲ್ಲುಗಳಿರುವ ಗಟ್ಟಿ ಉಂಗುರ. ಅದರೊಳಗೆ ಲೋಟದಂಥ ತೆಳು ಉಕ್ಕಿನ ಗೇರು. ಅದರ ಬಾಯಿಯ ಹೊರಮೈಯಲ್ಲಿ ಹಲ್ಲುಗಳು. ಎಲ್ಲಕ್ಕೂ ಒಳಗೆ, ಮೋಟಾರಿಗೆ ಜೋಡಿಸಿದ ಅಂಡಾಕಾರದ ಬಿಲ್ಲೆ, ಅದರ ಸುತ್ತ ಬಾಗಬಲ್ಲ ತೆಳು ಬೇರಿಂಗ್.

ಬಿಲ್ಲೆಯ ಒತ್ತಡಕ್ಕೆ ಲೋಟದ ಬಾಯಿ ಅಂಡಾಕಾರಕ್ಕೆ ಹಿಗ್ಗುತ್ತದೆ. ಹೀಗೆ ಹಿಗ್ಗಿದ ಎರಡು ತುದಿಗಳಲ್ಲಿ ಮಾತ್ರ ಅದರ ಹಲ್ಲುಗಳು ಉಂಗುರದ ಹಲ್ಲುಗಳನ್ನು ಕಚ್ಚುತ್ತವೆ. ಬಿಲ್ಲೆ ತಿರುಗಿದಂತೆ ಈ ಕಚ್ಚುವ ಜಾಗವೂ ಸುತ್ತುತ್ತದೆ. ಉಂಗುರಕ್ಕೆ 202 ಹಲ್ಲು, ಲೋಟಕ್ಕೆ 200 ಎಂದಿಟ್ಟುಕೊಳ್ಳಿ. ಬಿಲ್ಲೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಲೋಟ ಎದುರು ದಿಕ್ಕಿಗೆ ಎರಡೇ ಹಲ್ಲಿನಷ್ಟು ಸರಿದಿರುತ್ತದೆ. ಲೋಟ ಪೂರ್ತಿ ಒಂದು ಸುತ್ತು ಬರಬೇಕಾದರೆ ಮೋಟಾರು ನೂರು ಸುತ್ತು ತಿರುಗಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಜಾಗದಲ್ಲಿ, ಒಂದೇ ಹಂತದಲ್ಲಿ, ನೂರು ಪಟ್ಟು ಇಳಿಕೆ! ಎರಡೂ ಕಡೆ ಹಲವು ಹಲ್ಲುಗಳು ಒಟ್ಟಿಗೆ ಕಚ್ಚಿರುವುದರಿಂದ ಸಡಿಲಕ್ಕೆ ಎಡೆಯೇ ಇಲ್ಲದಂತಾಗುತ್ತದೆ.

ಲೋಟದ ತಾಳಿಕೆಯನ್ನು ಮೆಚ್ಚಲೇಬೇಕು. ಮೋಟಾರಿನ ಪ್ರತಿ ಸುತ್ತಿಗೆ ಅದರ ಗೋಡೆ ಎರಡು ಸಲ ಬಾಗುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತಾದರೆ ಆರು ಸಾವಿರ ಸಲ. ಉಕ್ಕಿನ ಸ್ಥಿತಿಸ್ಥಾಪಕತ್ವದ ಮಿತಿಯೊಳಗೇ ಬಾಗುವಂತೆ ರೂಪಿಸಿರುವುದರಿಂದ ಅದು ಮತ್ತೆ ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಬಂಡಿಯ ಚಕ್ರಗಳಲ್ಲೂ ಇದೇ ಬಗೆಯ ಗೇರುಗಳಿದ್ದವು.

ದೊಡ್ಡ ರೋಬೋಗಳ ಸೊಂಟ, ಭುಜಗಳಲ್ಲಿ ಹೆಚ್ಚಾಗಿ ಸೈಕ್ಲಾಯ್ಡ್ ಗೇರು ಇರುತ್ತದೆ. ಅಲೆಯಂಚಿನ ದಪ್ಪ ತಟ್ಟೆಗಳು ಪಿನ್ನುಗಳ ಸಾಲಿನೊಳಗೆ ಉರುಳುತ್ತಾ ಭಾರವನ್ನೂ ಹೊಡೆತವನ್ನೂ ತಾಳಿಕೊಳ್ಳುತ್ತವೆ.

ಕೀಲು ಎಷ್ಟು ತಿರುಗಿದೆ ಎಂದು ಹೇಳುವುದು ಮೋಟಾರಿನ ಹಿಂಬದಿಯಲ್ಲಿರುವ ಎನ್‌ಕೋಡರ್. 17 ಬಿಟ್‌ನದ್ದಾದರೆ ಅದು ಒಂದು ಸುತ್ತನ್ನು 1,31,072 ಪಾಲು ಮಾಡಿ ಅಳೆಯುತ್ತದೆ. ಜೊತೆಗೆ ಬ್ರೇಕ್. ಅದನ್ನು ಬಿಗಿಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ವಿದ್ಯುತ್. ಆದ್ದರಿಂದ ಕರೆಂಟ್ ಹೋದ ಕೂಡಲೇ ಕೀಲು ಇದ್ದಲ್ಲೇ ಬಿಗಿಯುತ್ತದೆ, ತೋಳು ಕುಸಿಯುವುದಿಲ್ಲ.

ರೋಬೋ ಎಂದೊಡನೆ ನಾವು ಕಂಪ್ಯೂಟರಿನ ಜಾಣತನವನ್ನೇ ಹೊಗಳುತ್ತೇವೆ. ಕೀಲು ಸಡಿಲವಾಗಿದ್ದರೆ ಆ ಜಾಣತನ ತೋಳಿನ ತುದಿಯನ್ನು ಮುಟ್ಟುವುದೇ ಇಲ್ಲ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಓದುವವರಿಗೆ ನನ್ನದೊಂದು ಮಾತು: ಸವೆದು ಮೂಲೆ ಸೇರಿದ ಇಂಥ ಗೇರು ಸಿಕ್ಕರೆ ಬಿಚ್ಚಿ, ಕೈಯಿಂದ ತಿರುಗಿಸಿ, ಹಲ್ಲುಗಳನ್ನು ಎಣಿಸಿ. ಪುಸ್ತಕದ ಲೆಕ್ಕ ಆಗ ನಿಮ್ಮದೇ ಆಗುತ್ತದೆ.