ನಿಮಗಿದು ಗೊತ್ತೇ? ಡಾಕ್ಟರಲ್ಲ, ನರ್ಸೂ ಅಲ್ಲ!

ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿಬಂದವರು ಹೇಳುವುದುಂಟು: "ಜ್ವರ ಅಂತ ಕ್ಲಿನಿಕ್ಕಿಗೆ ಹೋದರೆ ಡಾಕ್ಟರ ಮುಖಾನೇ ನೋಡಲಿಲ್ಲ ಕಣ್ರೀ, ಯಾರೋ ಪಿಎ ಬಂದು ನೋಡಿ ಮಾತ್ರೆ ಬರೆದುಕೊಟ್ಟರು." ನಮಗೆ ಪಿಎ ಎಂದರೆ ಮಂತ್ರಿಗಳ ಕೋಣೆಯ ಹೊರಗೆ ಕೂತವರೇ ನೆನಪಾಗುವುದು. ಅಲ್ಲಿಯವರು ಫಿಸಿಷಿಯನ್ ಅಸಿಸ್ಟೆಂಟ್‌ಗಳು. ರೋಗಿಯನ್ನು ಪರೀಕ್ಷಿಸುತ್ತಾರೆ, ರೋಗ ಗುರುತಿಸುತ್ತಾರೆ, ಔಷಧಿ ಬರೆಯುತ್ತಾರೆ, ಗಾಯಕ್ಕೆ ಹೊಲಿಗೆ ಹಾಕುತ್ತಾರೆ, ಆಪರೇಷನ್ನಿನಲ್ಲಿ ಸರ್ಜನ್ನರ ಎದುರು ನಿಂತು ಕೈಜೋಡಿಸುತ್ತಾರೆ. ಇಂಥವರು ಇಂದು ಅಮೆರಿಕದಲ್ಲಿ 1.7 ಲಕ್ಷಕ್ಕೂ ಹೆಚ್ಚು. ಅವರ ಓದಿನ ಕಥೆಯ ಕೆಲವು ತುಣುಕುಗಳು ಇಲ್ಲಿವೆ.

● ಮೊದಲ ತರಗತಿಯಲ್ಲಿ ಇದ್ದದ್ದು ನಾಲ್ಕೇ ಜನ! 1965ರಲ್ಲಿ ಉತ್ತರ ಕೆರೊಲಿನಾದ ಡರ್ಹಮ್ ಊರಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಈ ಕೋರ್ಸು ತೆರೆದರು. ಸೇರಿದ ನಾಲ್ವರೂ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ದುಡಿದು ಬಂದವರು. ಎರಡು ವರ್ಷದ ಓದು ಮುಗಿಸಿ 1967ರ ಅಕ್ಟೋಬರ್ 6ರಂದು ಹೊರಬಂದವರು ಮೂವರು. ಅಂದು ಸ್ಟೆಡ್ ಅವರ ಹುಟ್ಟುಹಬ್ಬವೂ ಹೌದು. ಅಮೆರಿಕದಲ್ಲಿ ಈಗಲೂ ಅಕ್ಟೋಬರ್ 6ರಿಂದ 12ರವರೆಗೆ ಪಿಎ ಸಪ್ತಾಹ ನಡೆಯುತ್ತದೆ.

● ನಾವಿಕರನ್ನೇ ಏಕೆ ಆರಿಸಿದರು? ಅಸಲಿಗೆ ಸ್ಟೆಡ್ ಮನಸ್ಸಿನಲ್ಲಿದ್ದದ್ದು ನರ್ಸ್‌ಗಳು. 1957ರಲ್ಲಿ ಥೆಲ್ಮಾ ಇಂಗಲ್ಸ್ ಎಂಬ ನರ್ಸಿಂಗ್ ಅಧ್ಯಾಪಕಿಯ ಜೊತೆ ಸೇರಿ, ಅನುಭವಿ ನರ್ಸ್‌ಗಳಿಗೆ ಇನ್ನೂ ಮೇಲಿನ ಕ್ಲಿನಿಕಲ್ ತರಬೇತಿ ಕೊಡುವ ಕೋರ್ಸನ್ನು ಅವರು ರೂಪಿಸಿದರು. ನರ್ಸಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ಅದಕ್ಕೆ ಮುದ್ರೆ ಒತ್ತಲಿಲ್ಲ. ಡಾಕ್ಟರರ ಕೆಲಸವನ್ನು ನರ್ಸ್‌ಗಳ ಹೆಗಲಿಗೆ ಹೊರಿಸುವುದು ಅದಕ್ಕೆ ಸರಿಕಾಣಲಿಲ್ಲ. ಇತ್ತ ಸೇನೆಯಿಂದ ಬಿಡುಗಡೆಯಾಗಿ ಬರುತ್ತಿದ್ದ ಸಹಾಯಕರು ರಕ್ತ, ಗಾಯ, ಮುರಿದ ಮೂಳೆ ಎಲ್ಲವನ್ನೂ ಕಂಡಿದ್ದವರು. ಆದರೆ ಊರಿಗೆ ಬಂದಮೇಲೆ ಆ ಕೈಚಳಕಕ್ಕೆ ತಕ್ಕ ಕೆಲಸವೇ ಇಲ್ಲ. ಬೇಡವೆಂದವರನ್ನು ಬಿಟ್ಟು ಬೇಕೆಂದವರನ್ನು ಸ್ಟೆಡ್ ಕರೆದರು. ಅಂದು ಆ ಮುದ್ರೆ ಬಿದ್ದಿದ್ದರೆ ಈ ವೃತ್ತಿ ಹುಟ್ಟುತ್ತಿತ್ತೋ ಇಲ್ಲವೋ.

● ಇದಕ್ಕೂ ಮುಂಚೆಯೇ ಕಾಲೇಜಿಲ್ಲದ ಪಿಎ ಒಬ್ಬರಿದ್ದರು. ಅದೇ ಉತ್ತರ ಕೆರೊಲಿನಾದ ಗಾರ್ಲಂಡ್ ಎಂಬ ಸಣ್ಣ ಊರಿನಲ್ಲಿ ಡಾ. ಏಮಸ್ ಜಾನ್ಸನ್ ಎಂಬ ಜನರಲ್ ಪ್ರಾಕ್ಟೀಷನರ್, ಹೆನ್ರಿ ಲೀ ಟ್ರೆಡ್‌ವೆಲ್ ಎಂಬ ಕಪ್ಪುವರ್ಣೀಯ ಸಹಾಯಕನಿಗೆ ತಾವೇ ಒಂದೊಂದಾಗಿ ಕೆಲಸ ಕಲಿಸಿದ್ದರು. ಸಭೆ ಸಮ್ಮೇಳನ ಎಂದು ಡಾಕ್ಟರು ಪರವೂರಿಗೆ ಹೋದರೆ ಕ್ಲಿನಿಕ್ ನೋಡಿಕೊಳ್ಳುತ್ತಿದ್ದವರು ಟ್ರೆಡ್‌ವೆಲ್ಲೇ. ಈ ಜೋಡಿಯನ್ನು ಸ್ಟೆಡ್ ಬಲ್ಲವರಾಗಿದ್ದರು. ಮೊದಲ ಪದವೀಧರರ ಹೆಸರು ಚರಿತ್ರೆಯ ಪುಟದಲ್ಲಿ ದೊಡ್ಡದಾಗಿಯೇ ಇದೆ, ಟ್ರೆಡ್‌ವೆಲ್ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ.

● ಪಠ್ಯಕ್ರಮದ ಮಾದರಿ ಬಂದದ್ದು ಯುದ್ಧಕಾಲದಿಂದ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ತನ್ನ ಡಾಕ್ಟರರನ್ನು ರಜೆ ಕತ್ತರಿಸಿ, ನಾಲ್ಕು ವರ್ಷದ ಓದನ್ನು ಮೂರಕ್ಕೆ ಇಳಿಸಿ ತಯಾರು ಮಾಡಿತ್ತು. ಸ್ಟೆಡ್ ಆ ಅನುಭವವನ್ನೇ ಬಳಸಿಕೊಂಡರು.

● ಸಿಯಾಟಲ್‌ನಲ್ಲಿ 1969ರಲ್ಲಿ ಡಾ. ರಿಚರ್ಡ್ ಸ್ಮಿತ್ ಆರಂಭಿಸಿದ 'ಮೆಡೆಕ್ಸ್' ಎಂಬ ಇಂಥದ್ದೇ ಕೋರ್ಸು ಇನ್ನೂ ಚುರುಕು. ಮೂರು ತಿಂಗಳು ವಿಶ್ವವಿದ್ಯಾಲಯ, ಆಮೇಲೆ ಒಂದು ವರ್ಷ ಹಳ್ಳಿ ಡಾಕ್ಟರೊಬ್ಬರ ಜೊತೆ. ಮೊದಲ ತಂಡದ 15 ಮಂದಿಯೂ ಮಾಜಿ ಸೈನಿಕ ಸಹಾಯಕರು.

● ಡ್ಯೂಕ್‌ನಿಂದ 1968ರಲ್ಲಿ ತೇರ್ಗಡೆಯಾದ ಪ್ರೆಂಟಿಸ್ ಹ್ಯಾರಿಸನ್ ಈ ಓದು ಮುಗಿಸಿದ ಮೊದಲ ಕಪ್ಪುವರ್ಣೀಯ. 1970ರಲ್ಲಿ ಹೊರಬಂದ ಜಾಯ್ಸ್ ನಿಕೊಲ್ಸ್ ಮೊದಲ ಮಹಿಳೆ, ಅವರೂ ಕಪ್ಪುವರ್ಣೀಯರೇ. ಗಂಡಸರೇ ತುಂಬಿದ್ದ ತರಗತಿಗಳಿಂದ ಶುರುವಾದ ಈ ವೃತ್ತಿಯಲ್ಲಿ ಇಂದು ಹತ್ತರಲ್ಲಿ ಸುಮಾರು ಏಳು ಮಂದಿ ಹೆಂಗಸರು.

● ಮೊದಮೊದಲು ಈ ಓದಿಗೆ ಕೊಡುತ್ತಿದ್ದದ್ದು ಬರೀ ಸರ್ಟಿಫಿಕೇಟು. ಪಶ್ಚಿಮ ವರ್ಜೀನಿಯಾದ ಫಿಲಿಪಿ ಎಂಬ ಊರಿನ ಆಲ್ಡರ್ಸನ್ ಬ್ರಾಡಸ್ ಕಾಲೇಜು 1968ರಲ್ಲಿ ಇದನ್ನು ಪದವಿ ಕೋರ್ಸಾಗಿಸಿತು. ಕಾಲಕ್ರಮೇಣ ಪದವಿ ಸಾಲದೆ ಸ್ನಾತಕೋತ್ತರ ಬಂತು. ಮಾನ್ಯತೆ ಕೊಡುವ ಸಂಸ್ಥೆ 2020ರ ಗಡುವು ವಿಧಿಸಿದ ಮೇಲೆ ಎಲ್ಲ ಕಡೆಯೂ ಇದು ಮಾಸ್ಟರ್ಸ್ ಓದೇ. ಈಗ ಅದರ ಮೇಲೊಂದು ಡಾಕ್ಟರೇಟೂ ತಲೆಯೆತ್ತಿದೆ. ಅಂದರೆ ಡಾಕ್ಟರಲ್ಲದವರು ಡಾಕ್ಟರೇಟ್ ಪಡೆದು ರೋಗಿಯ ಮುಂದೆ ಏನೆಂದು ಪರಿಚಯ ಹೇಳಿಕೊಳ್ಳಬೇಕು ಎಂಬ ಹೊಸ ತಲೆನೋವು!

● ಸೀಟು ಬೇಕಾದವರಿಗೆ ಒಂದು ಪದವಿ ಬೇಕು. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಾಣುಜೀವಿ, ರಸಾಯನ ವಿಜ್ಞಾನ, ಸಂಖ್ಯಾಶಾಸ್ತ್ರ ಇವೆಲ್ಲ ಮೊದಲೇ ಓದಿರಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳ ಲೆಕ್ಕವನ್ನೂ ಒಪ್ಪಿಸಬೇಕು. ಕೆಲವು ಕಡೆ 1000 ಗಂಟೆ, ಕೆಲವು ಕಡೆ 2000. ಕೇಳದ ಕಾಲೇಜುಗಳೂ ಇವೆ. ಹಾಗಾಗಿ ಇಪ್ಪತ್ತೆರಡರ ಹುಡುಗ ಹುಡುಗಿಯರು ಆಂಬುಲೆನ್ಸ್ ಸಿಬ್ಬಂದಿಯಾಗಿ, ವಾರ್ಡಿನಲ್ಲಿ ರೋಗಿಗಳ ಮೈ ತೊಳೆಸುವ ಸಹಾಯಕರಾಗಿ, ಡಾಕ್ಟರ ಪಕ್ಕ ಕೂತು ಟಿಪ್ಪಣಿ ಟೈಪು ಮಾಡುವವರಾಗಿ ಒಂದೆರಡು ವರ್ಷ ದುಡಿಯುತ್ತಾರೆ. ಸ್ಟೆಡ್ ಕಾಲದಲ್ಲಿ ಅನುಭವ ಇದ್ದವರಿಗೆ ಓದು ಕೊಟ್ಟರು. ಈಗ ಓದು ಬೇಕಾದವರು ಅನುಭವವನ್ನು ಗಂಟೆ ಲೆಕ್ಕದಲ್ಲಿ ಕೂಡಿಹಾಕುತ್ತಾರೆ. ಎರಡೂ ಒಂದೇ ಎನ್ನಲು ನನಗೆ ಮನಸ್ಸಿಲ್ಲ. ಆದರೂ ರೋಗಿಯ ಬೆಡ್‌ಪ್ಯಾನ್ ಮುಟ್ಟದವರು ಔಷಧಿ ಬರೆಯುವುದು ಬೇಡ ಎಂಬ ಈ ನಿಯಮ ನಮ್ಮ ಮೆಡಿಕಲ್ ಸೀಟಿಗೂ ಇದ್ದಿದ್ದರೆ ನೀಟ್ ಕೋಚಿಂಗಿನವರ ಪಾಡೇನಾಗುತ್ತಿತ್ತೋ!

● ಕೋರ್ಸು ಸರಾಸರಿ 27 ತಿಂಗಳು, ಬೇಸಿಗೆ ರಜೆ ಎಂಬುದಿಲ್ಲ. ಮೊದಲ ವರ್ಷವೆಲ್ಲ ತರಗತಿ, ಲ್ಯಾಬು, ಅಂಗರಚನೆಯ ಪಾಠ, ಔಷಧಶಾಸ್ತ್ರ. ಓದುತ್ತಾ ಬೇರೆ ಕೆಲಸಕ್ಕೆ ಹೋಗಬೇಡಿ ಎಂದು ಬಹಳಷ್ಟು ಕಾಲೇಜುಗಳು ಮೊದಲೇ ತಾಕೀತು ಮಾಡುತ್ತವೆ. ಹಲವು ಕಡೆ ಒಟ್ಟು ಶುಲ್ಕವೇ ಲಕ್ಷ ಡಾಲರ್ ಮುಟ್ಟುತ್ತದೆ. ಕೆಲಸ ಬಿಡಬೇಕು, ಸಾಲ ಮಾಡಬೇಕು.

● ಎರಡನೇ ವರ್ಷ ನಮ್ಮ ಮೆಡಿಕಲ್ ವಿದ್ಯಾರ್ಥಿಗಳು 'ಪೋಸ್ಟಿಂಗ್' ಎನ್ನುವ ಆಸ್ಪತ್ರೆ ಓಡಾಟ, ಸುಮಾರು 2000 ಗಂಟೆ. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ತುರ್ತು ಚಿಕಿತ್ಸೆ, ಮಕ್ಕಳ ವಿಭಾಗ, ಸ್ತ್ರೀ ಆರೋಗ್ಯ, ಸರ್ಜರಿ, ಮಾನಸಿಕ ಆರೋಗ್ಯ, ಇವು ಯಾರಿಗೂ ತಪ್ಪಿದ್ದಲ್ಲ. ಮುಂದೆ ಚರ್ಮರೋಗದ ಕ್ಲಿನಿಕ್ಕಿನಲ್ಲೇ ಕೂರುತ್ತೇನೆಂದು ಹಟ ಹಿಡಿದವರೂ ತುರ್ತು ವಿಭಾಗದ ರಾತ್ರಿಪಾಳಿ ಮಾಡಿಯೇ ಹೋಗಬೇಕು.

● ಪರೀಕ್ಷೆಯಲ್ಲಿ ನಟರೇ ರೋಗಿಗಳು! ಹೊಟ್ಟೆನೋವೆಂದು ನರಳುವವರು, ಮಾತೇ ಆಡದವರು, ರೇಗುವವರು, ಹೀಗೆ ತರಬೇತಿ ಪಡೆದ ಜನ ಕಾಸು ಪಡೆದು ರೋಗಿಯ ಪಾತ್ರ ಮಾಡುತ್ತಾರೆ. ವಿದ್ಯಾರ್ಥಿ ಕೇಳಬೇಕಾದದ್ದನ್ನು ಕೇಳಿದನೇ, ಮುಟ್ಟುವ ಮೊದಲು ಕೈ ತೊಳೆದನೇ, ಕಹಿ ಸುದ್ದಿಯನ್ನು ಹೇಗೆ ಹೇಳಿದ, ಎಲ್ಲಕ್ಕೂ ಅಂಕ. ಈ ಉಪಾಯ 1963ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರರೋಗ ತಜ್ಞ ಹಾವರ್ಡ್ ಬ್ಯಾರೋಸ್ ಅವರದು. ಎಂ.ಡಿ. ವಿದ್ಯಾರ್ಥಿಗಳಿಗೆಂದು ಹುಟ್ಟಿದ್ದನ್ನು ಪಿಎ ಕಾಲೇಜುಗಳೂ ತಮ್ಮದಾಗಿಸಿಕೊಂಡವು. ಹವ್ಯಾಸಿ ರಂಗತಂಡಗಳು ತುಂಬಿರುವ ನಮ್ಮಲ್ಲಿ ಇಂಥ ಕೆಲಸಕ್ಕೆ ಜನ ಸಿಗುವುದಿಲ್ಲ ಎನ್ನುವಂತಿಲ್ಲ.

● ಕೊನೆಯ ಗಂಡಾಂತರ 'ಪ್ಯಾನ್ಸ್' ಎಂಬ ರಾಷ್ಟ್ರೀಯ ಪರೀಕ್ಷೆ: ಐದು ಗಂಟೆ, 300 ಪ್ರಶ್ನೆ. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. ಮೊದಲ ಸಲವೇ ಪಾಸಾಗುವವರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಉಳಿದವರಿಗೆ ಆರು ವರ್ಷ, ಆರು ಅವಕಾಶ. ಅದೂ ಕೈಕೊಟ್ಟರೆ ಇಡೀ ಕೋರ್ಸನ್ನು ಮತ್ತೆ ಮೊದಲಿಂದ ಓದಬೇಕು. ಪಾಸಾದವರೂ ಕಾಲು ಚಾಚಿ ಕೂರುವಂತಿಲ್ಲ. ಎರಡು ವರ್ಷಕ್ಕೊಮ್ಮೆ 100 ಗಂಟೆ ಮುಂದುವರಿದ ಕಲಿಕೆ, ಹತ್ತು ವರ್ಷಕ್ಕೊಮ್ಮೆ ಪ್ರಮಾಣಪತ್ರದ ನವೀಕರಣ. ಈ ರಾಷ್ಟ್ರೀಯ ಪರೀಕ್ಷೆ ಮೊದಲು ನಡೆದದ್ದು 1973ರಲ್ಲಿ.

● ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಂಬಿಬಿಎಸ್ ಮುಗಿಸಿ ಹೋದವರು ಈ ಪರೀಕ್ಷೆಯನ್ನು ನೇರವಾಗಿ ಬರೆಯಬಹುದೇ? ಊಹೂಂ. ಅಮೆರಿಕದಲ್ಲಿ ಮಾನ್ಯತೆ ಪಡೆದ ಪಿಎ ಕೋರ್ಸನ್ನೇ ಮುಗಿಸಿರಬೇಕು. ಇಲ್ಲಿ ಹತ್ತು ವರ್ಷ ಪ್ರಾಕ್ಟೀಸು ಮಾಡಿದ ಡಾಕ್ಟರಿಗೂ ವಿನಾಯಿತಿ ಇಲ್ಲ. ಅಲ್ಲಿ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿಯ ಸೀಟು ಸಿಗದೆ ಪಿಎ ಆಗೋಣವೆಂದು ಯೋಚಿಸುವ ನಮ್ಮ ಡಾಕ್ಟರರು ಮುಗ್ಗರಿಸುವುದು ಇದೇ ಹೊಸ್ತಿಲಲ್ಲಿ.

● ಡಾಕ್ಟರಿಗಿಲ್ಲದ ಒಂದು ಅನುಕೂಲ ಪಿಎಗಿದೆ. ಹೃದ್ರೋಗ ತಜ್ಞರು ಮೂಳೆ ತಜ್ಞರಾಗಬೇಕಾದರೆ ಮತ್ತೆ ವರ್ಷಗಟ್ಟಲೆ ರೆಸಿಡೆನ್ಸಿ ಮಾಡಬೇಕು. ಪಿಎ ಇಂದು ಹೃದಯ ವಿಭಾಗ ಬಿಟ್ಟು ನಾಳೆ ಮೂಳೆ ವಿಭಾಗ ಸೇರಿ, ಅಲ್ಲಿನ ಡಾಕ್ಟರರ ಬಳಿ ಕೆಲಸ ಕಲಿಯಬಹುದು. ಇನ್ನೂ ಆಳವಾಗಿ ಕಲಿಯುವ ಆಸೆಯಿದ್ದವರಿಗೆ ಪಿಎ ರೆಸಿಡೆನ್ಸಿಗಳೂ ಉಂಟು, ಕಡ್ಡಾಯವಲ್ಲ. ನ್ಯೂಯಾರ್ಕಿನ ಮಾಂಟಿಫಿಯೋರ್ ಆಸ್ಪತ್ರೆ 1971ರಲ್ಲೇ ಸರ್ಜರಿಯಲ್ಲಿ ಇಂಥದ್ದೊಂದನ್ನು ಆರಂಭಿಸಿತ್ತು.

● ಓದು ಒಂದೇ ಆದರೂ ಕಾನೂನು ರಾಜ್ಯಕ್ಕೊಂದು. ಮಿಸಿಸಿಪಿ ರಾಜ್ಯ ಪಿಎಗಳಿಗೆ ಲೈಸೆನ್ಸ್ ಕೊಡಲು ಒಪ್ಪಿದ್ದು 2000ದಲ್ಲಿ, ಎಲ್ಲರಿಗಿಂತ ಕೊನೆಗೆ. ಔಷಧಿ ಬರೆಯುವ ಅಧಿಕಾರ ಕೊಟ್ಟ ಕೊನೆಯ ರಾಜ್ಯ ಇಂಡಿಯಾನಾ, 2007ರಲ್ಲಿ. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್, ಅದೇ ಚಿಕಿತ್ಸೆಯನ್ನು ಪಿಎ ಕೊಟ್ಟರೆ ಡಾಕ್ಟರಿಗೆ ಕೊಡುವ ಹಣದ ಶೇಕಡಾ 85ರಷ್ಟು ಕೊಡುತ್ತದೆ.

● ಅಮೆರಿಕದ ಪಿಎ ಸಂಘ 2021ರಲ್ಲಿ 'ಅಸಿಸ್ಟೆಂಟ್' ಬೇಡ, 'ಅಸೋಸಿಯೇಟ್' ಎನ್ನಿ ಎಂದು ತೀರ್ಮಾನಿಸಿತು. 2024ರಲ್ಲಿ ಆರೆಗನ್ ರಾಜ್ಯ ಅದಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಅಸೋಸಿಯೇಟ್ ಎಂದೇ ಕರೆಯುತ್ತಿದ್ದ ಬ್ರಿಟನ್ನಿನಲ್ಲಿ ಈ ವೃತ್ತಿಯನ್ನು ಪರಿಶೀಲಿಸಿದ 2025ರ ಲೆಂಗ್ ವರದಿ ಹೇಳಿದ್ದು ಇದರ ತದ್ವಿರುದ್ಧ: ರೋಗಿಗಳಿಗೆ ಗೊಂದಲವಾಗುತ್ತಿದೆ, ಅಸಿಸ್ಟೆಂಟ್ ಎಂದೇ ಕರೆಯಿರಿ.

● ಭಾರತಕ್ಕೆ ಈ ಓದನ್ನು ತಂದವರು ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಅವರು ಇದನ್ನು ಆರಂಭಿಸಿದರು. ಇಲ್ಲಿ ಇದು ಮುಖ್ಯವಾಗಿ ಪಿಯುಸಿ ನಂತರದ ಬಿ.ಎಸ್ಸಿ. ನಮ್ಮ ಮಣಿಪಾಲದಲ್ಲೂ ಇದನ್ನು ಕಲಿಸಲಾಗಿದೆ. 2021ರ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇವರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

● ಇನ್ನೊಂದು ವಿಚಿತ್ರ. ಎಂಬಿಬಿಎಸ್‌ಗಿಂತ ಕಡಿಮೆ ಓದಿದ ಎಲ್‌ಎಂಪಿ ಡಾಕ್ಟರರು ನಮ್ಮ ಹಳೇ ತಲೆಮಾರಿಗೆ ಚೆನ್ನಾಗಿ ಗೊತ್ತು. ಅಂಥ ಕಿರಿದಾದ ಓದು ಇನ್ನು ಸಾಕು, ಎಂಬಿಬಿಎಸ್ ಒಂದೇ ಇರಲಿ ಎಂದು ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಹೇಳಿತು. ಅದಾಗಿ ಇಪ್ಪತ್ತು ವರ್ಷ ಕಳೆಯುವ ಮೊದಲೇ ಡಾಕ್ಟರರ ಕೊರತೆ ತಾಳಲಾರದೆ ಅಮೆರಿಕ ಇಂಥದ್ದೇ ಒಂದು ಓದನ್ನು ಹುಟ್ಟುಹಾಕಿತು. ನಾವೂ ಸುತ್ತಿ ಬಳಸಿ ಅಲ್ಲಿಗೇ ಬಂದೆವು. ಡಾಕ್ಟರಲ್ಲದವರಿಗೆ ಸೀಮಿತ ಚಿಕಿತ್ಸೆಯ ಪರವಾನಗಿ ಕೊಡುವ ಕಲಮು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ ಬಂದಾಗ ದೇಶದ ಡಾಕ್ಟರರು ಮುಷ್ಕರ ಹೂಡಿದರು. ಹಳ್ಳಿಯ ಉಪಕೇಂದ್ರದಲ್ಲಿ ಇಂದು ಬಿ.ಪಿ., ಶುಗರ್ ನೋಡಿ ಮಾತ್ರೆ ಕೊಡುವ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕೇಳಿನೋಡಿ. ಅವರಲ್ಲಿ ಬಹಳ ಮಂದಿ ಆರು ತಿಂಗಳ ಹೆಚ್ಚುವರಿ ತರಬೇತಿ ಪಡೆದ ನರ್ಸ್‌ಗಳು, ಅಂದರೆ ಡ್ಯೂಕ್‌ನಲ್ಲಿ ಸ್ಟೆಡ್ ಮೊದಲು ಕರೆಯಬೇಕೆಂದಿದ್ದ ಜನ.